ಪಟ್ಟಣದ ಶಾಲೆಗಳಲ್ಲಿ ಅಸಮಾನತೆ: ಕಾರಣಗಳ ಕುರಿತ ವಾಗ್ವಾದ ಮತ್ತು ಕೋಲಾರ ಜಿಲ್ಲೆಯ ನಾಲ್ಕು ಪಟ್ಟಣಗಳು

ಶಾಲಾ ಶಿಕ್ಷಣದಲ್ಲಿನ ಅಸಮಾನತೆಯನ್ನು ಕುರಿತು ಕರ್ನಾಟಕದಲ್ಲಿ ನಡೆದಿರುವ ಬರವಣಿಗೆಯ ಬಹುಪಾಲು ಎರಡು ತುದಿಗಳನ್ನು ಹಿಡಿದಿದೆ. ಒಂದು ತುದಿಯಲ್ಲಿ ಹಳ್ಳಿಯ ಏಕೋಪಾಧ್ಯಾಯ ಶಾಲೆಯಿದೆ. ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಕೊಳೆಗೇರಿಯೂ ಅದರ ನೆರೆಯ ದುಬಾರಿ ಶಾಲೆಯೂ ಇವೆ. ಇವೆರಡರ ನಡುವೆ ಇರುವ ತಾಲ್ಲೂಕು ಕೇಂದ್ರದ ಪಟ್ಟಣವು ಸಂಶೋಧಕರ ಕಣ್ಣಿಗೆ ಬಿದ್ದಿರುವುದು ಕಡಿಮೆ. ಮಕ್ಕಳ ಓದು ಮತ್ತು ಲೆಕ್ಕದ ಮಟ್ಟವನ್ನು 2005ರಿಂದ ಅಳೆಯುತ್ತ ಬಂದಿರುವ ‘ಅಸರ್’ ಸಮೀಕ್ಷೆ ಕೂಡ ಗ್ರಾಮೀಣ ಪ್ರದೇಶಕ್ಕೆ ಸೀಮಿತವಾದುದು. ಆದರೆ ಇಂದು ತಾಲ್ಲೂಕೊಂದರ ಶೈಕ್ಷಣಿಕ ಭವಿಷ್ಯ ನಿರ್ಧಾರವಾಗುತ್ತಿರುವುದು ಬಹುಮಟ್ಟಿಗೆ ಈ ಪಟ್ಟಣಗಳಲ್ಲಿಯೇ. ಬೆಳಗಿನ ಹೊತ್ತು ಹತ್ತಾರು ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ಬರುವ ಹಳದಿ ಬಣ್ಣದ ವಾಹನಗಳು ಬಂದು ನಿಲ್ಲುವುದು ಪಟ್ಟಣದ ಶಾಲೆಗಳ ಮುಂದೆ. ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ಪಟ್ಟಣಗಳನ್ನು ಮುಂದಿರಿಸಿಕೊಂಡು, ಅಸಮಾನತೆಗೆ ವಿದ್ವಾಂಸರೂ ಆಡಳಿತಗಾರರೂ ಕೊಡುತ್ತ ಬಂದಿರುವ ಕಾರಣಗಳಲ್ಲಿ ಯಾವುವು ಇಲ್ಲಿ ನಿಲ್ಲುತ್ತವೆ, ಯಾವುವು ನಿಲ್ಲುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರ್ಪಟ್ಟ ಮೇಲೆ ಉಳಿದ ಕೋಲಾರ ಜಿಲ್ಲೆಯಲ್ಲಿ, 2011ರ ಜನಗಣತಿಯ ಪ್ರಕಾರ, ಪರಿಶಿಷ್ಟ ಜಾತಿಯವರ ಪ್ರಮಾಣ ಶೇಕಡ 30ನ್ನು ಮೀರಿತ್ತು. ಈ ಪ್ರಮಾಣ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅತ್ಯಧಿಕವಾದುದು. ನಾಲ್ಕು ಪಟ್ಟಣಗಳ ಪೈಕಿ ಕೋಲಾರವೊಂದೇ ಲಕ್ಷ ದಾಟಿದ ಊರು. 2011ರಲ್ಲಿ ಅದರ ಜನಸಂಖ್ಯೆ ಸುಮಾರು 1.38 ಲಕ್ಷ. ಉಳಿದ ಮೂರು ಚಿಕ್ಕವು, ಆದರೆ ಒಂದರಂತೆ ಇನ್ನೊಂದಿಲ್ಲ. ಚೆನ್ನೈ ರೈಲುಮಾರ್ಗದ ಮೇಲಿರುವ ಮಾಲೂರು ಹಂಚು ಮತ್ತು ಇಟ್ಟಿಗೆಗೆ ಹೆಸರಾದದ್ದು; ಈಚೆಗೆ ಕೈಗಾರಿಕಾ ಪ್ರದೇಶದಿಂದಾಗಿ ಬೆಂಗಳೂರಿನ ಅಂಚಿನಂತೆಯೇ ಬೆಳೆಯುತ್ತಿದೆ. ಹೆದ್ದಾರಿಯ ಮೇಲಿರುವ ಮುಳಬಾಗಿಲು ಆಂಧ್ರದ ಗಡಿಗೆ ಹತ್ತಿರವಾದುದು. ಶ್ರೀನಿವಾಸಪುರದ ಬದುಕು ಮಾವಿನ ಸುಗ್ಗಿಯನ್ನು ಅವಲಂಬಿಸಿದೆ. ಈ ವ್ಯತ್ಯಾಸಗಳು ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಮಾವಿನ ಕೊಯ್ಲು ಇನ್ನೂ ನಡೆದಿರುವಾಗಲೇ ಶ್ರೀನಿವಾಸಪುರದಲ್ಲಿ ಶಾಲಾವರ್ಷ ಆರಂಭವಾಗುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಬರುವ ವಲಸೆ ಕುಟುಂಬಗಳ ಮಕ್ಕಳು ವರ್ಷದ ನಡುವೆ ಬಂದು ವರ್ಷ ಮುಗಿಯುವ ಮೊದಲೇ ಹೊರಟುಹೋಗುತ್ತಾರೆ.

ಹಿಂದಿನ ಕಾಲದ ಏಕತೆ ಎಂಬ ಕಲ್ಪನೆ

ಈ ವಿಷಯವನ್ನು ಎತ್ತಿದೊಡನೆ ಹಿರಿಯರಿಂದ ಬರುವ ಮೊದಲ ಮಾತು: ‘ನಮ್ಮ ಕಾಲದಲ್ಲಿ ಅಮಲ್ದಾರರ ಮಗನೂ ಜವಾನನ ಮಗನೂ ಒಂದೇ ಮಿಡ್ಲ್ ಸ್ಕೂಲಿನಲ್ಲಿ ಓದಿದೆವು.’ ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಳೆಯ ಮೈಸೂರು ಸಂಸ್ಥಾನದ ತಾಲ್ಲೂಕು ಕೇಂದ್ರಗಳಲ್ಲಿದ್ದ ಎ.ವಿ. ಶಾಲೆಗಳು ಊರಿನ ನಾನಾ ವೃತ್ತಿಗಳ ಮನೆಗಳನ್ನು ಒಂದೆಡೆ ಸೇರಿಸಿದ್ದು ನಿಜ. ಆದರೆ ಆ ‘ಎಲ್ಲರೂ’ ಎಂಬ ಮಾತಿನೊಳಗೆ ಯಾರಿದ್ದರು ಎಂಬುದನ್ನು ಕೇಳಲೇಬೇಕು. ಅಸ್ಪೃಶ್ಯರೆನಿಸಿದ ಸಮುದಾಯಗಳ ಮಕ್ಕಳಿಗೆ ‘ಪಂಚಮ ಶಾಲೆ’ಗಳೆಂಬ ಪ್ರತ್ಯೇಕ ವ್ಯವಸ್ಥೆ ಇತ್ತು, ಸಾರ್ವಜನಿಕ ಶಾಲೆಗಳ ಬಾಗಿಲು ಅವರಿಗೂ ತೆರೆಯಬೇಕೆಂದು ಸಂಸ್ಥಾನದ ಸರ್ಕಾರ ನಿಲುವು ತಳೆದಾಗ 20ನೆಯ ಶತಮಾನದ ಎರಡನೆಯ ದಶಕ ಬಂದಿತ್ತು. ಹಲವು ಊರುಗಳಲ್ಲಿ ಅದಕ್ಕೆ ವಿರೋಧವೂ ಬಂದಿತು. 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಕಡ್ಡಾಯ ಶಿಕ್ಷಣವನ್ನು ಆಯ್ದ ಪ್ರದೇಶಗಳಿಗೆ ಮಾತ್ರ ತಂದಿತು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿನ ಜಾತಿ ಅಸಮತೋಲವನ್ನು ಅಧಿಕೃತವಾಗಿಯೇ ಗುರುತಿಸಿತು.

ಕೋಲಾರದಲ್ಲಿ ಈ ಕಥೆಗೆ ಇನ್ನೊಂದು ಎಳೆಯಿದೆ. 1876-78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳಿಗಾಗಿ ಲೂಯಿಸಾ ಆನ್‌ಸ್ಟೇ ಎಂಬ ಮಿಷನರಿ ಮಹಿಳೆ ಕೋಲಾರದಲ್ಲಿ ನಡೆಸಿದ ಅನಾಥಾಲಯವು 1890ರಲ್ಲಿ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಸೇರಿತು. ಮಿಷನ್ನಿನ ಶಾಲೆಗಳು ಊರಿನ ಮುಖ್ಯ ಶಾಲೆಯಿಂದ ಹೊರಗುಳಿದವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಅಕ್ಷರ ಒದಗಿಸಿದವು. ಅನತಿದೂರದ ಚಿನ್ನದ ಗಣಿಗಳಲ್ಲಿಯಂತೂ ಯುರೋಪಿಯನ್ ಅಧಿಕಾರಿಗಳ ಮಕ್ಕಳ ಶಾಲೆ ಬೇರೆ, ಗಣಿ ಕಾರ್ಮಿಕರ ಮಕ್ಕಳ ಶಾಲೆ ಬೇರೆ ಎಂಬುದು ಮುಚ್ಚುಮರೆಯಿಲ್ಲದ ಸಂಗತಿಯಾಗಿತ್ತು. ಹಾಗಾಗಿ ‘ಮೊದಲು ಸಮಾನತೆ ಇತ್ತು, ಖಾಸಗಿ ಶಾಲೆಗಳು ಬಂದು ಕೆಡಿಸಿದವು’ ಎಂಬ ಸರಳ ಇತಿಹಾಸವನ್ನು ಒಪ್ಪಲಾಗದು. ಸ್ವಾತಂತ್ರ್ಯಾನಂತರದ ಮೂರು ನಾಲ್ಕು ದಶಕಗಳಲ್ಲಿ ಮಾತ್ರ ಈ ಊರುಗಳ ಸರ್ಕಾರಿ ಶಾಲೆಗಳು ಬಹುಮಟ್ಟಿಗೆ ಊರಿನ ಶಾಲೆಗಳಾಗಿದ್ದವು ಎಂದಷ್ಟೇ ಹೇಳಬಹುದು. ದಲಿತ ಮಕ್ಕಳು ಮುಖ್ಯ ಶಾಲೆಯೊಳಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದ ಕಾಲಕ್ಕೂ, ಅನುಕೂಲಸ್ಥರು ಆ ಶಾಲೆಯಿಂದ ಹೊರಕ್ಕೆ ನಡೆಯತೊಡಗಿದ ಕಾಲಕ್ಕೂ ಇರುವ ಸಾಮೀಪ್ಯವು ಆಕಸ್ಮಿಕವಾದುದೆಂದು ತೋರುವುದಿಲ್ಲ.

ಮನೆಯೋ, ಶಾಲೆಯೋ?

ಅಸಮಾನತೆಯ ಕಾರಣಗಳನ್ನು ಕುರಿತ ಆಧುನಿಕ ಚರ್ಚೆಗೆ ತಿರುವು ಕೊಟ್ಟದ್ದು ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್ಮನ್ ವರದಿ. ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಆ ಅಧ್ಯಯನವು ಕಟ್ಟಡ, ಪುಸ್ತಕ, ಪ್ರಯೋಗಾಲಯಗಳ ವ್ಯತ್ಯಾಸಕ್ಕಿಂತ ಮಗುವಿನ ಮನೆಯ ಹಿನ್ನೆಲೆಯೇ ಕಲಿಕೆಯ ವ್ಯತ್ಯಾಸವನ್ನು ಹೆಚ್ಚಾಗಿ ವಿವರಿಸುತ್ತದೆ ಎಂದಿತು. ಫ್ರಾನ್ಸಿನ ಬೋರ್ದಿಯೂ ಮತ್ತು ಪಾಸ್ರಾನ್ 1970ರಲ್ಲಿ ಈ ವಾದಕ್ಕೆ ಇನ್ನೊಂದು ಮುಖ ಕೊಟ್ಟರು: ಶಾಲೆಯು ಮೇಲ್ವರ್ಗದ ಮನೆಗಳ ನುಡಿಗಟ್ಟನ್ನೂ ನಡವಳಿಕೆಯನ್ನೂ ಯೋಗ್ಯತೆಯೆಂದು ಎಣಿಸಿ, ಹುಟ್ಟಿನಿಂದ ಬಂದುದನ್ನು ಗಳಿಸಿದ್ದೆಂಬಂತೆ ತೋರಿಸುತ್ತದೆ. ಇದಕ್ಕೆ ಎದುರಾಗಿ, 1983ರಲ್ಲಿ 29 ದೇಶಗಳ ಅಂಕಿಅಂಶಗಳನ್ನು ಹೋಲಿಸಿದ ಹೈನ್‌ಮನ್ ಮತ್ತು ಲಾಕ್ಸ್‌ಲಿ, ಬಡ ದೇಶಗಳಲ್ಲಿ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪಾಲು ಮನೆಯ ಪಾಲಿಗಿಂತ ದೊಡ್ಡದೆಂದು ತೋರಿಸಿದರು.

ನಮ್ಮ ಪಟ್ಟಣಗಳಲ್ಲಿ ಈ ಎರಡು ವಾದಗಳನ್ನು ಬೇರೆಬೇರೆಯಾಗಿ ಇಟ್ಟು ನೋಡುವುದೇ ಕಷ್ಟ. ಟೊಮ್ಯಾಟೊ ಮಂಡಿಯ ಹಮಾಲಿಯ ಮಗು ಸಂಜೆ ಮನೆಗೆ ಹೋದಾಗ ಪಾಠ ಹೇಳಿಕೊಡುವವರಿಲ್ಲ. ಬ್ಯಾಂಕ್ ನೌಕರನ ಮಗುವಿಗೆ ತಾಯಿಯೂ ಇದ್ದಾಳೆ, ಮನೆಪಾಠವೂ ಇದೆ. ಇದು ಮನೆಯ ವ್ಯತ್ಯಾಸವೆಂಬುದು ಸರಿ. ಆದರೆ ಈ ಇಬ್ಬರೂ ಇಂದು ಒಂದೇ ತರಗತಿಯಲ್ಲಿಲ್ಲ. ಮನೆಯ ವ್ಯತ್ಯಾಸವೇ ಶಾಲೆಯ ವ್ಯತ್ಯಾಸವಾಗಿ ಬೀದಿಯಲ್ಲಿ ನಿಂತಿದೆ. ಹೀಗಿರುವಾಗ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ‘ಶೇಕಡ ನೂರು’ ಎಂದು ಫ್ಲೆಕ್ಸ್ ಕಟ್ಟುವ ಶಾಲೆ ತಾನು ಕಲಿಸಿದ್ದನ್ನು ಸಾರುತ್ತಿದೆಯೋ, ತಾನು ಆರಿಸಿಕೊಂಡದ್ದನ್ನು ಸಾರುತ್ತಿದೆಯೋ ಹೇಳುವುದು ಹೇಗೆ? ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಹಿಂದುಳಿದ ಮಗುವಿನ ಪೋಷಕರನ್ನು ಕರೆಸಿ ವರ್ಗಾವಣಾ ಪ್ರಮಾಣಪತ್ರ ಕೊಟ್ಟು ಕಳುಹಿಸುವ ರೂಢಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆ ಮಗುವನ್ನು ಸೇರಿಸಿಕೊಳ್ಳುವುದು ಸರ್ಕಾರಿ ಪ್ರೌಢಶಾಲೆಯೇ. ಅಲ್ಲಿನ ಫಲಿತಾಂಶದ ಲೆಕ್ಕಕ್ಕೆ ಆ ಮಗುವಿನ ಅನುತ್ತೀರ್ಣತೆಯೂ ಸೇರುತ್ತದೆ.

ಶಿಕ್ಷಕರ ಕೊರತೆಯೇ ಕಾರಣವೆಂಬ ವಾದವು ಹಳ್ಳಿಗಳ ಮಟ್ಟಿಗೆ ಎಷ್ಟು ಸರಿಯೋ, ಪಟ್ಟಣಗಳ ಮಟ್ಟಿಗೆ ಅಷ್ಟು ಸರಿಯಲ್ಲ. 2007ರ ಶಿಕ್ಷಕರ ವರ್ಗಾವಣಾ ನಿಯಂತ್ರಣ ಅಧಿನಿಯಮವು ಸ್ಥಳಗಳನ್ನು ಎ, ಬಿ, ಸಿ ಎಂದು ವಲಯಗಳನ್ನಾಗಿ ವಿಂಗಡಿಸಬೇಕಾಗಿ ಬಂದುದೇ ಎಲ್ಲರೂ ಪಟ್ಟಣವನ್ನು ಬಯಸುತ್ತಾರೆಂಬ ಕಾರಣದಿಂದ. ತರಬೇತಿ ಪಡೆದ, ಅನುಭವಸ್ಥ ಶಿಕ್ಷಕರು ಪಟ್ಟಣದ ಸರ್ಕಾರಿ ಶಾಲೆಗಳಲ್ಲಿಯೇ ಹೆಚ್ಚು. ಅವರ ವೇತನವು ಬೀದಿಯಾಚೆಯ ಅನುದಾನರಹಿತ ಶಾಲೆಯ ಶಿಕ್ಷಕಿಯ ಸಂಬಳದ ಹಲವು ಪಟ್ಟು. 2002-03ರಿಂದ ಬಂದ ಬಿಸಿಯೂಟ, 2013ರ ಕ್ಷೀರಭಾಗ್ಯ, ಉಚಿತ ಪುಸ್ತಕ ಮತ್ತು ಸಮವಸ್ತ್ರ ಎಲ್ಲವೂ ಅಲ್ಲಿವೆ. ಆದರೂ ಪೋಷಕರು ಹೊರನಡೆದರು. ಸೌಲಭ್ಯ ಹೆಚ್ಚಿದಷ್ಟೂ ಅಸಮಾನತೆ ತಗ್ಗುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಪ್ರತಿಸಾಕ್ಷ್ಯ ಬೇಕಿಲ್ಲ.

ಮಾಧ್ಯಮದ ಪ್ರಶ್ನೆ, ಕೋಲಾರದ ಕಡೆಯಿಂದ

ಕರ್ನಾಟಕದಲ್ಲಿ ಶಾಲಾ ಅಸಮಾನತೆಯ ಚರ್ಚೆ ಬೇಗನೆ ಭಾಷಾ ಮಾಧ್ಯಮದ ಚರ್ಚೆಯಾಗಿ ಮಾರ್ಪಡುತ್ತದೆ. ಗೋಕಾಕ್ ವರದಿ ಮತ್ತು 1982ರ ಚಳವಳಿಯ ಅನಂತರ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು 1994ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶಿಸಿತು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುವ ಶಾಲೆಗಳು ರಾಜ್ಯದಾದ್ಯಂತ ಬೆಳೆದವು. 2006ರಲ್ಲಿ ಅಂಥವುಗಳ ಮಾನ್ಯತೆ ರದ್ದತಿಗೆ ಸರ್ಕಾರ ಮುಂದಾದಾಗಲೇ ಅವುಗಳ ಸಂಖ್ಯೆಯ ಅಗಾಧತೆ ಅರಿವಿಗೆ ಬಂದಿತು. 2008ರಲ್ಲಿ ಹೈಕೋರ್ಟಿನ ಪೂರ್ಣಪೀಠವು ಅನುದಾನರಹಿತ ಶಾಲೆಗಳ ಮಟ್ಟಿಗೆ ಆ ನೀತಿಯನ್ನು ತಳ್ಳಿಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದಿತು. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ ಸುಖದೇವ ಥೋರಟ್ ಆಯೋಗವು ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನು ಮತ್ತೆ ಶಿಫಾರಸು ಮಾಡಿದೆ.

ಈ ಇಡೀ ವಾಗ್ವಾದದಲ್ಲಿ ಕನ್ನಡವೆಂದರೆ ಮನೆಮಾತು, ಇಂಗ್ಲಿಷೆಂದರೆ ಪರಭಾಷೆ ಎಂಬ ಗ್ರಹಿಕೆಯಿದೆ. ಕೋಲಾರ ಸೀಮೆಗೆ ಬಂದೊಡನೆ ಈ ಗ್ರಹಿಕೆ ಅಲುಗಾಡುತ್ತದೆ. ಇಲ್ಲಿ ಕನ್ನಡಕ್ಕಿಂತ ತೆಲುಗನ್ನು ಮನೆಮಾತಾಗಿ ಬರೆಸಿದವರೇ ಜನಗಣತಿಗಳಲ್ಲಿ ಹೆಚ್ಚು. ಪಟ್ಟಣಗಳಲ್ಲಿ ಉರ್ದು ಮನೆಗಳೂ ಗಣನೀಯವಾಗಿವೆ. ಶ್ರೀನಿವಾಸಪುರದ ಅಥವಾ ಮುಳಬಾಗಿಲಿನ ತೆಲುಗು ಮನೆಯ ಮಗುವಿಗೆ ಕನ್ನಡ ಮಾಧ್ಯಮವೂ ಎರಡನೆಯ ಭಾಷೆಯ ಮಾಧ್ಯಮವೇ. ಪಾಠ ಕನ್ನಡದಲ್ಲಿ, ಗದರಿಕೆ ತೆಲುಗಿನಲ್ಲಿ ಎಂಬುದು ಈ ಸೀಮೆಯ ತರಗತಿಗಳನ್ನು ಬಲ್ಲವರಿಗೆ ಹೊಸ ವಿಷಯವಲ್ಲ. ಆದರೂ ಬೀದಿಯ, ಬಜಾರಿನ, ಆಫೀಸಿನ ಕನ್ನಡ ಮಗುವಿನ ಕಿವಿಗೆ ಬಿದ್ದಿರುತ್ತದೆ. ಇಂಗ್ಲಿಷಿಗೆ ಆ ಆಸರೆಯೂ ಇಲ್ಲ. ಹಾಗಾದರೆ ಮನೆಮಾತು ಬೇರೆಯಾದುದೇ ಹಿನ್ನಡೆಗೆ ಕಾರಣವೆ? ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರ ಉನ್ನತ ವ್ಯಾಸಂಗ ಇಂಗ್ಲಿಷ್ ಸಾಹಿತ್ಯದಲ್ಲಿ. ಅವರು ಬರೆದದ್ದು ಕನ್ನಡದಲ್ಲಿ. ತೆಲುಗು ವಾತಾವರಣದ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಆದರೆ ಇಬ್ಬರ ಮನೆಗಳಲ್ಲಿಯೂ ಓದು ಬರಹ ತಲೆಮಾರುಗಳಿಂದ ಬಂದ ವೃತ್ತಿ. ಶಾಲೆಯಲ್ಲಿ ತಪ್ಪಿದ್ದನ್ನು ಮನೆ ತುಂಬಿಕೊಡಬಲ್ಲದಾಗಿತ್ತು. ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಿನಲ್ಲಿ ತೆಲುಗಾಡುವ ಮಗುವಿಗೆ ಶಾಲೆಯ ಹೊರತು ಇನ್ನೊಂದು ಗತಿಯಿಲ್ಲ. ಭಾಷೆಯ ತೊಡಕು ಇಬ್ಬರಿಗೂ ಒಂದೇ; ಅದನ್ನು ದಾಟುವ ಸಾಧನ ಒಂದೇ ಅಲ್ಲ.

ಹಾಗಿದ್ದರೆ ಪೋಷಕರು ಇಂಗ್ಲಿಷ್ ಮಾಧ್ಯಮಕ್ಕೆ ಹಣ ತೆರುವುದೇಕೆ? ಪಕ್ಕದ ಆಂಧ್ರಪ್ರದೇಶದಲ್ಲಿ 2008ರಿಂದ ನಡೆದ, ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರ ಅಧ್ಯಯನ ಇಲ್ಲಿ ಉಪಯುಕ್ತ. ಚೀಟಿ ಎತ್ತಿ ಆರಿಸಿದ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕವನ್ನು ಭರಿಸಿ, ನಾಲ್ಕು ವರ್ಷಗಳ ಅನಂತರ ಪರೀಕ್ಷಿಸಿದಾಗ, ತೆಲುಗು ಮತ್ತು ಗಣಿತದಲ್ಲಿ ಅವರು ಸರ್ಕಾರಿ ಶಾಲೆಯ ಮಕ್ಕಳಿಗಿಂತ ಮುಂದಿರಲಿಲ್ಲ. ಹಿಂದಿಯಲ್ಲಿ ಮಾತ್ರ ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಸರ್ಕಾರದ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ ಮಾಡಿದ್ದವು ಎಂಬುದೂ ಅಷ್ಟೇ ಮುಖ್ಯ. ಎಂದರೆ ಶುಲ್ಕ ಕೊಟ್ಟ ತಂದೆ ಕೊಂಡದ್ದು ಹೆಚ್ಚಿನ ಗಣಿತವನ್ನಲ್ಲ. ಅವನು ಕೊಂಡದ್ದು ಸಹವಾಸವನ್ನು. ‘ಅಲ್ಲಿಗೆ ಎಂಥೆಂಥವರ ಮಕ್ಕಳೋ ಬರುತ್ತಾರೆ’ ಎಂಬ, ಈ ಊರುಗಳಲ್ಲಿ ಯಾರೂ ಕೇಳಿರಬಹುದಾದ ಮಾತಿನಲ್ಲಿ ಶಾಲೆಯ ಪಾಠದ ಬಗೆಗೆ ಒಂದು ಅಕ್ಷರವೂ ಇಲ್ಲ. ಜಾತಿಯ ಹೆಸರನ್ನು ಎತ್ತದೆಯೇ ಜಾತಿಯನ್ನು ಹೇಳುವ ಪರಿಯದು. ಇಂಗ್ಲಿಷ್ ಮಾಧ್ಯಮವೆಂಬ ಫಲಕವು ಈ ಬೇರ್ಪಡೆಗೆ ಗೌರವಾರ್ಹವಾದ ಹೆಸರು ಕೊಟ್ಟಿತು. ಹಾಗೆಂದು ದಲಿತ ಕುಟುಂಬಗಳ ಇಂಗ್ಲಿಷ್ ಅಪೇಕ್ಷೆಯನ್ನು ಇದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಊರಿನವರೆಲ್ಲ ಬಿಟ್ಟುಹೋದ ಶಾಲೆಯಲ್ಲಿ ತಮ್ಮ ಮಕ್ಕಳು ಮಾತ್ರ ಉಳಿಯಬಾರದೆಂಬುದು ಅವರ ಅಪೇಕ್ಷೆಯ ತಿರುಳು.

ಬೇರ್ಪಡೆ ಎಂಬ ಮುಖ್ಯ ಕಾರಣ

ಕೋಲ್ಮನ್ ವರದಿಯಲ್ಲಿ ಮನೆಯ ಹಿನ್ನೆಲೆಯಷ್ಟು ಪ್ರಚಾರ ಪಡೆಯದ ಇನ್ನೊಂದು ಮಾತಿತ್ತು: ಮಗುವಿನ ಕಲಿಕೆಯ ಮೇಲೆ ಸಹಪಾಠಿಗಳ ಹಿನ್ನೆಲೆಯ ಪ್ರಭಾವವೂ ಇದೆ. ಈ ನಾಲ್ಕು ಪಟ್ಟಣಗಳ ಮಟ್ಟಿಗೆ ಅಸಮಾನತೆಯ ಮೂಲ ಕಾರಣವನ್ನು ಶಾಲೆಗಳ ನಡುವೆ ಮಕ್ಕಳು ಹಂಚಿಹೋಗಿರುವ ಬಗೆಯಲ್ಲಿಯೇ ಹುಡುಕಬೇಕೆಂಬುದು ಈ ಲೇಖನದ ವಾದ. ಇದಕ್ಕೊಂದು ಬಲವಾದ ಆಕ್ಷೇಪವಿದೆ. ಮೇಲೆ ಹೇಳಿದ ಆಂಧ್ರದ ಅಧ್ಯಯನದಲ್ಲಿಯೇ, ಕೆಲವರು ಖಾಸಗಿ ಶಾಲೆಗೆ ಹೋದುದರಿಂದ ಸರ್ಕಾರಿ ಶಾಲೆಯಲ್ಲಿ ಉಳಿದ ಮಕ್ಕಳ ಕಲಿಕೆಗೆ ಹಾನಿಯಾದುದು ಕಂಡುಬರಲಿಲ್ಲ. ಆದರೆ ಅದು ಹಳ್ಳಿಗಳಲ್ಲಿ, ನಾಲ್ಕು ವರ್ಷದ ಅವಧಿಯಲ್ಲಿ, ಚೀಟಿಯ ಮೂಲಕ ಆರಿಸಿದ ಮಕ್ಕಳು ಹೋದುದರ ಪರಿಣಾಮ. ಪಟ್ಟಣಗಳಲ್ಲಿ ಆದದ್ದು ಹಲವು ದಶಕಗಳ ಕಾಲ, ಮಾತನಾಡಬಲ್ಲವರ ಪದರವೇ ಕಳಚಿಹೋದುದು. ಇವೆರಡನ್ನು ಒಂದೇ ಎಂದು ತಿಳಿಯಲಾಗದು.

ಆ ಪದರ ಕಳಚಿದಾಗ ಏನಾಗುತ್ತದೆಂಬುದನ್ನು ಆಡಳಿತದ ನಿಯಮಗಳಲ್ಲಿಯೇ ಹಿಂಬಾಲಿಸಬಹುದು. ದಾಖಲಾತಿ ಇಳಿದೊಡನೆ ಶಿಕ್ಷಕರಲ್ಲೊಬ್ಬರು ‘ಹೆಚ್ಚುವರಿ’ ಆಗುತ್ತಾರೆ. ಹುದ್ದೆ ಬೇರೆಡೆಗೆ ಹೋಗುತ್ತದೆ. ಉಳಿದವರು ತರಗತಿಗಳನ್ನು ಕೂಡಿಸಿ ನಡೆಸಬೇಕಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯಕ್ಕೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಬೇರೆಬೇರೆ ತರಗತಿಗಳ ಮಕ್ಕಳು ಒಟ್ಟಿಗೆ ಕೂರುವುದಕ್ಕೆ ಬೋಧನಶಾಸ್ತ್ರದ ಸಮರ್ಥನೆಯಿತ್ತು. ಪೋಷಕನ ಕಣ್ಣಿಗೆ ಮಾತ್ರ ಅದು ‘ಮೇಷ್ಟ್ರಿಲ್ಲದ ಶಾಲೆ’ಯಾಗಿ ಕಂಡಿತು. ಇನ್ನಷ್ಟು ಮಕ್ಕಳು ಬಿಟ್ಟರು. ಇನ್ನೊಂದು ಹುದ್ದೆ ಹೆಚ್ಚುವರಿಯಾಯಿತು. 2001ರಲ್ಲಿ ರೂಪುಗೊಂಡ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇದನ್ನು ತಡೆಯಬೇಕಾಗಿತ್ತು. ಆದರೆ ಸಮಿತಿಯ ಸದಸ್ಯರಾಗಬೇಕಾದವರು ಆ ಶಾಲೆಯ ಮಕ್ಕಳ ಪೋಷಕರು. ದಿನಗೂಲಿಯನ್ನು ಬಿಟ್ಟು ಸಭೆಗೆ ಬರುವುದೇ ಅವರಿಗೆ ನಷ್ಟ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಅವರ ಮಾತಿಗೆ ಇರುವ ತೂಕವೂ ಅಷ್ಟಕ್ಕಷ್ಟೆ.

ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಪ್ರಕರಣ ಈ ಬೇರ್ಪಡೆಯನ್ನು ನೇರವಾಗಿ ಮುಟ್ಟಿದ ಏಕೈಕ ಕಾನೂನು. 2012-13ರಿಂದ ಕರ್ನಾಟಕದ ಅನುದಾನರಹಿತ ಶಾಲೆಗಳು ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಕೊಡಬೇಕಾಯಿತು. ಇದು ಖಾಸಗಿ ಶಾಲೆಗಳಿಗೆ ಸರ್ಕಾರದ ಹಣ ಹರಿಸುವ ಮಾರ್ಗವಾಗಿ, ಸರ್ಕಾರಿ ಶಾಲೆಗಳ ದಾಖಲಾತಿಯನ್ನೇ ಕುಗ್ಗಿಸಿತು ಎಂಬ ಟೀಕೆ ಬಂದಿತು; ಅದರಲ್ಲಿ ಹುರುಳಿತ್ತು. 2018ರ ಕೊನೆಯಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಗೆ ಈ ಹೊಣೆಯಿಂದ ವಿನಾಯಿತಿ ಕೊಡಲಾಯಿತು. 2019ರ ಮೇ 31ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. (ಇಂಥದೇ ವಿನಾಯಿತಿಯನ್ನು ಮಹಾರಾಷ್ಟ್ರ ತಂದಾಗ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ತಳ್ಳಿಹಾಕಿತೆಂಬುದನ್ನು ಇಲ್ಲಿ ನೆನೆಯಬೇಕು.) ಹಳ್ಳಿಗಿಂತ ಪಟ್ಟಣಕ್ಕೆ ಈ ತಿದ್ದುಪಡಿಯ ಪೆಟ್ಟು ಹೆಚ್ಚು: ಪಟ್ಟಣದಲ್ಲಿ ಎತ್ತ ತಿರುಗಿದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಯೊಂದು ಇದ್ದೇ ಇರುತ್ತದೆ. ಸರ್ಕಾರಿ ಶಾಲೆಗೆ ಮಕ್ಕಳು ಮರಳಬೇಕೆಂಬ ಉದ್ದೇಶ ಒಳ್ಳೆಯದೇ. ಮರಳುವಂತೆ ಬಂಧಿತರಾದವರು ಮಾತ್ರ ಬಡವರು. ಶುಲ್ಕ ಕೊಡಬಲ್ಲವರನ್ನು ಯಾರೂ ಮರಳಿ ಕರೆಯಲಿಲ್ಲ.

ಕೋಠಾರಿ ಆಯೋಗ 1966ರಲ್ಲಿಯೇ ಹೇಳಿದ ನೆರೆಹೊರೆಯ ಸಮಾನ ಶಾಲೆ 1968ರ ಮತ್ತು 1986ರ ರಾಷ್ಟ್ರೀಯ ನೀತಿಗಳಲ್ಲಿ ಉಲ್ಲೇಖವಾಗಿ ಉಳಿಯಿತು. ಆಚರಣೆಯಲ್ಲಿ ಸರ್ಕಾರವೇ ತನ್ನ ಶಾಲೆಗಳಿಗೆ ಮೆಟ್ಟಿಲು ಕಟ್ಟಿತು: ಪ್ರವೇಶ ಪರೀಕ್ಷೆಯ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, 2018ರಿಂದ ಕರ್ನಾಟಕ ಪಬ್ಲಿಕ್ ಶಾಲೆ. ವಸತಿ ಶಾಲೆಗಳು ಅನೇಕ ದಲಿತ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಹೊಸ ಬದುಕನ್ನೇ ಕೊಟ್ಟಿವೆ, ಇದನ್ನು ಅಲ್ಲಗಳೆಯಲಾಗದು. ಆದರೆ ಪ್ರತಿ ಮೆಟ್ಟಿಲೂ ಕೆಳಗಿನ ಶಾಲೆಯ ಚುರುಕಾದ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಈ ಬೇರ್ಪಡೆಯನ್ನು ಒಂದೇ ಕಾಂಪೌಂಡಿನೊಳಕ್ಕೆ ತಂದವು. ದಾಖಲಾತಿ ಹೆಚ್ಚಿತೆಂಬ ಸಂತೋಷದ ಜೊತೆಗೆ, ‘ಎ’ ವಿಭಾಗದಲ್ಲಿ ಯಾರು, ‘ಬಿ’ ವಿಭಾಗದಲ್ಲಿ ಯಾರು ಎಂಬುದನ್ನೂ ಎಣಿಸಬೇಕಿದೆ. ಉರ್ದು ಶಾಲೆಗಳ ಸ್ಥಿತಿ ಇನ್ನೂ ಪ್ರತ್ಯೇಕವಾದುದು. ಹೆಣ್ಣುಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಅವು ಆಸರೆಯಾಗಿವೆ, ಆದರೆ ಅಲ್ಲಿಂದ ಕನ್ನಡ ಅಥವಾ ಇಂಗ್ಲಿಷ್ ಪ್ರೌಢಶಾಲೆಗೆ ದಾಟುವ ಹಂತದಲ್ಲಿ ಸೇತುವೆ ಎನ್ನಬಹುದಾದ ವ್ಯವಸ್ಥೆ ತೀರ ದುರ್ಬಲ. ಅದಕ್ಕೆ ಬೇರೆಯೇ ಅಧ್ಯಯನ ಬೇಕು.

ಒಂದು ಆಕರದ ಬಗೆಗೆ

ಈ ವಾದವನ್ನು ಪರೀಕ್ಷೆಗೆ ಒಡ್ಡಲು ಸಂಶೋಧಕರಿಗೆ ಸಮೀಕ್ಷೆಗಳಿಗಿಂತ ಉತ್ತಮವಾದ ಆಕರವೊಂದು ಈ ಊರುಗಳ ಹಳೆಯ ಶಾಲೆಗಳ ಬೀರುಗಳಲ್ಲಿದೆ. ಅದು ದಾಖಲಾತಿ ಪುಸ್ತಕ. ಮಗುವಿನ ಹೆಸರು, ಜನ್ಮದಿನಾಂಕ ಮತ್ತು ಜಾತಿಗಳ ಜೊತೆಗೆ ತಂದೆಯ ಉದ್ಯೋಗ, ಹಿಂದೆ ಓದಿದ ಶಾಲೆ, ಶಾಲೆ ಬಿಟ್ಟ ದಿನಾಂಕ, ಬಿಟ್ಟುದಕ್ಕೆ ಕಾರಣ ಇವಕ್ಕೂ ಅದರಲ್ಲಿ ಸಾಮಾನ್ಯವಾಗಿ ಅಂಕಣಗಳಿರುತ್ತವೆ. ವಕೀಲರ, ಗುಮಾಸ್ತರ, ಅಂಗಡಿಕಾರರ ಮಕ್ಕಳು ಯಾವ ದಶಕದಲ್ಲಿ ಈ ಪುಟಗಳಿಂದ ಮರೆಯಾದರು, ಯಾರು ಮೊದಲು ಹೋದರು, ಇಂಗ್ಲಿಷ್ ಮಾಧ್ಯಮದ ಫಲಕಕ್ಕೂ ಮೊದಲೋ ಅನಂತರವೋ, ದಲಿತ ಕೇರಿಯ ಮಕ್ಕಳ ಸಂಖ್ಯೆ ಆಗ ಎಷ್ಟಿತ್ತು ಎಂಬೆಲ್ಲ ಪ್ರಶ್ನೆಗಳಿಗೆ ವರ್ಷವಾರು ಉತ್ತರ ಅಲ್ಲಿದೆ. ಇತ್ತೀಚಿನ ವರ್ಷಗಳ ಮಾಹಿತಿ ಗಣಕೀಕೃತವಾಗಿದೆ. ಹಿಂದಿನ ದಶಕಗಳದ್ದು ಕಾಗದದಲ್ಲಿ ಮಾತ್ರ. ಜನ್ಮದಿನಾಂಕದ ದೃಢೀಕರಣಕ್ಕೆ ಯಾರಾದರೂ ಬಂದಾಗ ಧೂಳು ಕೊಡವಿ ತೆಗೆಯುವುದನ್ನು ಬಿಟ್ಟರೆ ಅವುಗಳಿಗೆ ಬೇರೆ ಬಳಕೆಯಿಲ್ಲ. ಶಾಲೆಗಳು ವಿಲೀನವಾದಾಗ ಈ ಪುಸ್ತಕಗಳೂ ಸ್ಥಳಾಂತರಗೊಳ್ಳುತ್ತವೆ. ಹೊಸ ಸ್ಥಳದಲ್ಲಿ ಅವುಗಳಿಗೆ ಬೀರುವೇ ದೊರೆಯುವುದೋ, ಗೆದ್ದಲು ಹಿಡಿದ ಕೋಣೆಯ ಮೂಲೆಯೋ ಎಂಬುದು ಮುಖ್ಯೋಪಾಧ್ಯಾಯರ ಆಸ್ಥೆಗೆ ಬಿಟ್ಟದ್ದು. ಹೆಸರುಗಳನ್ನು ಮರೆಮಾಡಿ, ಉಳಿದ ಅಂಕಣಗಳ ಪ್ರತಿ ತೆಗೆದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿಯೋ ವಿಶ್ವವಿದ್ಯಾಲಯದ ಅಧ್ಯಯನ ವಿಭಾಗದಲ್ಲಿಯೋ ಇರಿಸುವ ಕೆಲಸ ದೊಡ್ಡ ವೆಚ್ಚದ್ದಲ್ಲ. ನಾಲ್ಕು ಪಟ್ಟಣಗಳ ಅತ್ಯಂತ ಹಳೆಯ ಸರ್ಕಾರಿ ಬಾಲಕರ ಮತ್ತು ಬಾಲಕಿಯರ ಶಾಲೆಗಳಿಂದ ಅದನ್ನು ಆರಂಭಿಸಬಹುದು.